ನಮ್ಮ ಗಡ್ಡೆಗಳ ತುಣುಕುಗಳನ್ನು ಎಸೆಯಬೇಡಿ: ಸಚಿವರಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರು ಹಾಗೂ ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ಹುಬ್ಬಳ್ಳಿ-ಧಾರವಾಡ, ಗದಗ ಮತ್ತು ಹಾವೇರಿ ಭಾಗದ ಶ್ವಾಸಕೋಶ ಕ್ಯಾನ್ಸರ್ ರೋಗಿಗಳ ಗಡ್ಡೆಯ ಅಂಗಾಂಶವನ್ನು ಕಾಪಾಡುವುದು ಮತ್ತು ಅದರಲ್ಲಿ ಇಮ್ಯುನೊಥೆರಪಿಗೆ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ತಿರುಗಿಸುವ ಚಿಕಿತ್ಸೆಗೆ) ಗುರಿಯಾಗಬಲ್ಲ ಆಂಟಿಜೆನ್‌ಗಳನ್ನು ಹುಡುಕುವ ವ್ಯವಸ್ಥೆ ಮಾಡುವುದು.

ಮಾನ್ಯರೇ,

ನಾನು ವೈದ್ಯೆಯೂ ಅಲ್ಲ, ವಿಜ್ಞಾನಿಯೂ ಅಲ್ಲ. ಹುಬ್ಬಳ್ಳಿಯಲ್ಲಿ ಮೂವತ್ತೊಂದು ವರ್ಷ ಹಿಸ್ಟೊಪೆಥಾಲಜಿ ಪ್ರಯೋಗಾಲಯದಲ್ಲಿ ತಂತ್ರಜ್ಞೆಯಾಗಿ ದುಡಿದು ನಿವೃತ್ತಳಾದವಳು. ರೋಗಿಯ ದೇಹದಿಂದ ತೆಗೆದ ತುಣುಕು, ಅದು ಕೆಡದಂತೆ ಕಾಯುವ ಫಾರ್ಮಾಲಿನ್ ದ್ರವದ ಬಾಟಲಿಯಲ್ಲಿ ಬರುತ್ತದೆ. ಅದನ್ನು ರಾತ್ರಿಯಿಡೀ ಸಂಸ್ಕರಿಸಿ, ಕರಗಿದ ಪ್ಯಾರಾಫಿನ್ ಮೇಣದಲ್ಲಿ ಕೂರಿಸಿ ಬ್ಲಾಕು ಮಾಡುವುದು, ಆ ಬ್ಲಾಕನ್ನು ಮೈಕ್ರೋಟೋಮಿಗೆ ಸಿಕ್ಕಿಸಿ ಮೂರು-ನಾಲ್ಕು ಮೈಕ್ರಾನಿನಷ್ಟು ತೆಳುವಾಗಿ ಸೀಳುವುದು, ಬೆಚ್ಚಗಿನ ನೀರಿನ ಮೇಲೆ ತೇಲುವ ಆ ಪದರವನ್ನು ಗಾಜಿನ ಮೇಲೆ ಎತ್ತಿಕೊಂಡು ಬಣ್ಣ ಕೊಡುವುದು, ಇದಿಷ್ಟೇ ನನ್ನ ಕೆಲಸವಾಗಿತ್ತು. ರೋಗದ ಹೆಸರು ಹೇಳುವವರು ವೈದ್ಯರು. ಆದರೆ ಅವರು ಏನನ್ನು ಹೇಳಬಲ್ಲರು, ಏನನ್ನು ಹೇಳಲಾರರು ಎಂಬುದು ಆ ತುಣುಕು ಹೇಗೆ ಬಂತು, ಹೇಗೆ ಉಳಿಯಿತು ಎಂಬುದರ ಮೇಲೆ ನಿಂತಿರುತ್ತದೆ. ಈ ಪತ್ರ ಆ ತುಣುಕನ್ನು ಕುರಿತದ್ದು.

ಪತ್ರಕ್ಕೆ ಕಾರಣವಾದ ಸಂಗತಿಯನ್ನು ಮೊದಲು ಹೇಳಬೇಕು. ನಮ್ಮ ಹಿರಿಯಣ್ಣನ ಹೆಂಡತಿ, ಅಂದರೆ ನಮ್ಮ ವೈನಿ, ನವಲಗುಂದ ತಾಲೂಕಿನ ಹಳ್ಳಿಯವರು. ಬೀಡಿಯ ವಾಸನೆ ಬಂದರೆ ಎದ್ದು ಹೋಗುತ್ತಿದ್ದ ಹೆಂಗಸು. ಆದರೆ ಮದುವೆಯಾಗಿ ಬಂದ ದಿನದಿಂದ ಸುಮಾರು ನಲವತ್ತು ವರ್ಷ ಹತ್ತಿಕಟ್ಟಿಗೆ, ಕುಳ್ಳು ಉರಿಯುವ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿದವರು. 2021ರ ಯುಗಾದಿಯ ಹೊತ್ತಿಗೆ ಅವರಿಗೆ ಕೆಮ್ಮು ಹಿಡಿಯಿತು. ಕೊರೋನಾದ ಎರಡನೇ ಅಲೆಯ ದಿನಗಳಾದ್ದರಿಂದ ಎಲ್ಲರೂ ಮೊದಲು ಅದೇ ಎಂದುಕೊಂಡೆವು. ಅದಲ್ಲವೆಂದು ಗೊತ್ತಾದ ಮೇಲೆ, ಕಫದಲ್ಲಿ ಕ್ಷಯದ ಕ್ರಿಮಿ ಸಿಗದಿದ್ದರೂ, ಎಕ್ಸ್‌ರೇಯಲ್ಲಿ ಕಂಡ ನೆರಳನ್ನೇ ನಂಬಿ ಐದು ತಿಂಗಳು ಕ್ಷಯದ ಗುಳಿಗೆ ಕೊಟ್ಟರು. ಕ್ಷಯ ಹೆಚ್ಚಿರುವ ನಮ್ಮ ನಾಡಿನಲ್ಲಿ ಶ್ವಾಸಕೋಶದ ಗಡ್ಡೆಗೆ ಕ್ಷಯದ ಚಿಕಿತ್ಸೆ ನಡೆದು ತಿಂಗಳುಗಳು ಕಳೆದುಹೋಗುವುದು ಅಪರೂಪವೇನಲ್ಲ. ನನ್ನ ಮೇಜಿಗೆ ಬಂದ ಎಷ್ಟೋ ಅರ್ಜಿಗಳ ಮೇಲೆ ಅದೇ ಇತಿಹಾಸ ಬರೆದಿರುತ್ತಿತ್ತು.

ದೀಪಾವಳಿಯ ಮುನ್ನಾದಿನ ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಸೂಜಿ ಹಾಕಿ ಶ್ಯಾವಿಗೆಯ ಎಳೆಯಷ್ಟು ತೆಳ್ಳನೆಯ ಎರಡು ತುಣುಕು ತೆಗೆದರು. ಬಾಟಲಿಯನ್ನು ನನ್ನ ಅಣ್ಣನ ಮಗನ ಕೈಗೆ ಕೊಟ್ಟು, “ಲ್ಯಾಬಿಗೆ ಮುಟ್ಟಿಸಿ ಬಿಡ್ರಿ” ಎಂದರು. ಲ್ಯಾಬು ಹಬ್ಬಕ್ಕೆ ಮುಚ್ಚಿತ್ತು. ಹುಡುಗ ಬಾಟಲಿಯನ್ನು ಊರಿಗೆ ಒಯ್ದು, ಕೆಡಬಾರದೆಂದು ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಇಟ್ಟ. ನಾಲ್ಕನೇ ದಿನ ನನಗೆ ಸುದ್ದಿ ತಿಳಿದು, ಬಾಟಲಿ ತರಿಸಿಕೊಂಡು ಮುಚ್ಚಳ ತೆಗೆದು ಮೂಸಿದೆ. ಕಣ್ಣಲ್ಲಿ ನೀರು ಬರಿಸಬೇಕಾದ ಘಾಟು ಇರಲೇ ಇಲ್ಲ. ನಲ್ಲಿಯ ನೀರಿಗೆ ನಾಲ್ಕು ಹನಿ ಫಾರ್ಮಾಲಿನ್ ಸೇರಿಸಿದ ಹಾಗಿತ್ತು. ಹೊಸದಾಗಿ ಕಲಸಿದ ದ್ರಾವಣಕ್ಕೆ ಬದಲಾಯಿಸಿದೆ. ಕೆಟ್ಟದ್ದು ಕೆಟ್ಟಾಗಿತ್ತು.

ಅಡಿನೋಕಾರ್ಸಿನೋಮ, ಅಂದರೆ ಶ್ವಾಸಕೋಶ ಕ್ಯಾನ್ಸರಿನ ಒಂದು ಬಗೆ, ಎಂದು ವರದಿ ಬಂತು. ಕ್ಯಾನ್ಸರ್ ತಜ್ಞರು ಸರಿಯಾಗಿಯೇ, ಯಾವ ಔಷಧ ಹಿಡಿದೀತೆಂದು ತಿಳಿಸುವ ಇಜಿಎಫ್‌ಆರ್, ಎಎಲ್‌ಕೆ, ಪಿಡಿ-ಎಲ್1 ಪರೀಕ್ಷೆ ಕೇಳಿದರು. ಬ್ಲಾಕು ಕೊರಿಯರಿನಲ್ಲಿ ಬೆಂಗಳೂರಿಗೆ ಹೋಯಿತು. ಹತ್ತು ದಿನಗಳ ನಂತರ ಬಂದ ಉತ್ತರ: ಅಂಗಾಂಶ ಸಾಲದು, ಇರುವ ಡಿಎನ್‌ಎ ಚೂರುಚೂರಾಗಿದೆ. ಸಾಲದಿರಲು ಕಾರಣವೂ ನನಗೆ ಗೊತ್ತು. ಮೊದಲ ಬಾರಿ ಬಣ್ಣಕ್ಕೆಂದು ಸೀಳಿ, ಬ್ಲಾಕು ತೆಗೆದಿಟ್ಟು, ಎರಡು ದಿನ ಬಿಟ್ಟು ಮತ್ತೊಂದು ಬಣ್ಣಕ್ಕೆಂದು ಪುನಃ ಯಂತ್ರಕ್ಕೆ ಸಿಕ್ಕಿಸಿದರೆ, ಮೇಲ್ಮೈಯನ್ನು ಸಮ ಮಾಡಿಕೊಳ್ಳುವುದರಲ್ಲೇ ಹತ್ತಾರು ಪದರಗಳು ಕಸಕ್ಕೆ ಹೋಗುತ್ತವೆ. ಶ್ಯಾವಿಗೆಯ ಎಳೆಯಲ್ಲಿ ಎಷ್ಟು ಪದರಗಳಿದ್ದಾವು! ಮತ್ತೊಮ್ಮೆ ಸೂಜಿ ಹಾಕಿಸಿಕೊಳ್ಳುವ ಉಸಿರು ವೈನಿಗೆ ಉಳಿದಿರಲಿಲ್ಲ. 2022ರ ಶಿವರಾತ್ರಿಗೆ ಮುಂಚೆಯೇ ಹೋದರು. ಆಮೇಲೆ ಬ್ಲಾಕನ್ನಾದರೂ ಮರಳಿ ಕೊಡಿ ಎಂದು ಕೇಳಿದರೆ ಇವರು ಅವರ ಕಡೆಗೆ, ಅವರು ಕೊರಿಯರಿನವರ ಕಡೆಗೆ ಕೈ ತೋರಿಸಿದರು. ಅದು ಇಂದಿಗೂ ಸಿಕ್ಕಿಲ್ಲ.

ಆ ಆಸ್ಪತ್ರೆಯ, ಆ ಲ್ಯಾಬುಗಳ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಮೂವತ್ತೊಂದು ವರ್ಷ ಇದೇ ಕಸುಬಿನಲ್ಲಿದ್ದು, ಬ್ಲಾಕುಗಳನ್ನು ಗೋಣಿಚೀಲದಲ್ಲಿ ತುಂಬಿ ಜಾಗ ಖಾಲಿ ಮಾಡಿದ ಕೈಗಳಲ್ಲಿ ನನ್ನವೂ ಇವೆ. ನನ್ನ ದೂರು ವ್ಯವಸ್ಥೆ ಇಲ್ಲದಿರುವುದರ ಮೇಲೆ.

ಇಲ್ಲಿಯವರೆಗೆ ಹೇಳಿದ್ದು ಒಂದು ಮನೆಯ ದುಃಖ. ಆ ತುಣುಕನ್ನು ಕಳೆದುಕೊಳ್ಳುವುದೆಂದರೆ ಈಗ ಒಂದು ವರದಿಯನ್ನಷ್ಟೇ ಕಳೆದುಕೊಂಡಂತೆ ಅಲ್ಲ ಎಂಬುದನ್ನು ತಮ್ಮ ಗಮನಕ್ಕೆ ತರಬೇಕೆಂದು, ನಿವೃತ್ತಿಯಾದ ಮೇಲೆ ಓದಿ, ಪರಿಚಯದ ಪ್ರಾಧ್ಯಾಪಕರನ್ನು ಕೇಳಿ ತಿಳಿದುಕೊಂಡದ್ದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಮ್ಮ ಮೈಯ ಹೆಚ್ಚುಕಡಿಮೆ ಪ್ರತಿಯೊಂದು ಕೋಶವೂ ತನ್ನೊಳಗೆ ತಯಾರಾಗುವ ಪ್ರೋಟೀನುಗಳ ಸಣ್ಣ ಸಣ್ಣ ಚೂರುಗಳನ್ನು ಹೊರಮೈಗೆ ತಂದು ತೋರಿಸುತ್ತಿರುತ್ತದೆ. ಅಮರಗೋಳದ ಎಪಿಎಂಸಿಯಲ್ಲಿ ಚೀಲದೊಳಗಿನ ಮಾಲನ್ನು ಒಂದು ಹಿಡಿ ತೆಗೆದು ತಟ್ಟೆಯಲ್ಲಿಟ್ಟು ಸ್ಯಾಂಪಲ್ ತೋರಿಸುವುದಿಲ್ಲವೇ, ಹಾಗೆ. ಆ ತಟ್ಟೆಗೆ ಎಚ್‌ಎಲ್‌ಎ ಎಂದು ಹೆಸರು. ಅದರ ಮೇಲಿನ ಸ್ಯಾಂಪಲ್ ಸಾಮಾನ್ಯವಾಗಿ ಎಂಟರಿಂದ ಹನ್ನೊಂದು ಅಮೈನೋ ಆಮ್ಲಗಳಷ್ಟು ಉದ್ದದ ಪೆಪ್ಟೈಡು. ರಕ್ತದಲ್ಲಿ ಓಡಾಡುವ ಟಿ ಕೋಶಗಳೆಂಬ ಬಿಳಿ ರಕ್ತಕಣಗಳು ಖರೀದಿಗೆ ಬಂದ ವ್ಯಾಪಾರಿಗಳಂತೆ ತಟ್ಟೆ ತಟ್ಟೆಯನ್ನೂ ನೋಡುತ್ತ ಹೋಗುತ್ತವೆ. ಮನೆಯ ಮಾಲಾದರೆ ಮುಂದೆ ಸಾಗುತ್ತವೆ, ಪರಕೀಯವೆನಿಸಿದರೆ ಆ ಕೋಶವನ್ನು ಕೊಲ್ಲುತ್ತವೆ. ಕ್ಯಾನ್ಸರ್ ಕೋಶವು ಹೀಗೆ ತೋರಿಸುವ, ಟಿ ಕೋಶ ಗುರುತಿಸಬಹುದಾದ ಚೂರೇ ಗಡ್ಡೆಯ ಆಂಟಿಜೆನ್. ಇಮ್ಯುನೊಥೆರಪಿ ಎಂಬ ವಿದ್ಯೆಯ ಬಹುಪಾಲು ಈ ಚೂರಿನ ಮೇಲೆ ನಿಂತಿದೆ.

ಜೇಮ್ಸ್ ಅಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂದದ್ದು ಟಿ ಕೋಶಕ್ಕೆ ಹಾಕಿದ ಬ್ರೇಕನ್ನು ಸಡಿಲಿಸುವ ದಾರಿ ಕಂಡುಹಿಡಿದದ್ದಕ್ಕೆ. ಅದರ ಫಲವಾಗಿ ಬಂದ ನಿವೊಲುಮಾಬ್, ಪೆಂಬ್ರೊಲಿಜುಮಾಬ್ ಔಷಧಗಳು ಶ್ವಾಸಕೋಶ ಕ್ಯಾನ್ಸರಿನ ಕೆಲವು ರೋಗಿಗಳಿಗೆ ಹಿಂದೆ ಯಾರೂ ಎಣಿಸದಷ್ಟು ವರ್ಷಗಳನ್ನು ಕೊಟ್ಟಿವೆ. ಆದರೆ ಬ್ರೇಕು ಬಿಟ್ಟರಷ್ಟೇ ಗಾಡಿ ಸರಿಯಾದ ಊರಿಗೆ ಹೋಗುವುದಿಲ್ಲ. ಟಿ ಕೋಶಕ್ಕೆ ಹಿಡಿಯಲು ಒಂದು ಗುರುತು ಬೇಕು. ಗುರುತಿಲ್ಲದ ಗಡ್ಡೆಯ ಮುಂದೆ ಈ ದುಬಾರಿ ಔಷಧ ಕೆಲಸ ಮಾಡದು.

ಗುರುತುಗಳಲ್ಲಿ ಹಲವು ಬಗೆ ಇವೆ. ಗಡ್ಡೆಯ ಡಿಎನ್‌ಎಯಲ್ಲಿ ಆದ ತಪ್ಪುಗಳಿಂದ ಹುಟ್ಟಿದ ಹೊಸ ಚೂರುಗಳನ್ನು ನಿಯೋಆಂಟಿಜೆನ್ ಎನ್ನುತ್ತಾರೆ. ಅವು ಆ ರೋಗಿಯ ಆರೋಗ್ಯವಂತ ಕೋಶಗಳಲ್ಲಿ ಇರುವುದೇ ಇಲ್ಲವಾದ್ದರಿಂದ ಎಲ್ಲಕ್ಕಿಂತ ಒಳ್ಳೆಯ ಗುರಿ. ತಂಬಾಕಿನ ಹೊಗೆ ಡಿಎನ್‌ಎಯಲ್ಲಿ ಇಂಥ ತಪ್ಪುಗಳನ್ನು ರಾಶಿ ರಾಶಿಯಾಗಿ ಮಾಡಿಡುತ್ತದೆ. ತಪ್ಪು ಹೆಚ್ಚಿದ್ದಷ್ಟೂ ಗುರುತು ಸಿಗುವ ಸಂಭವ ಹೆಚ್ಚು. ಅಂಥ ಗಡ್ಡೆಗಳು ಪೆಂಬ್ರೊಲಿಜುಮಾಬಿಗೆ ಹೆಚ್ಚು ಸ್ಪಂದಿಸುತ್ತವೆ ಎಂಬುದನ್ನು 2015ರಲ್ಲೇ ತೋರಿಸಲಾಯಿತು. ಧೂಮಪಾನಿಗಳ ಶ್ವಾಸಕೋಶದ ಗಡ್ಡೆಯಲ್ಲಿ ಇಂಥ ಬದಲಾವಣೆಗಳು ಧೂಮಪಾನ ಮಾಡದವರದ್ದಕ್ಕಿಂತ ಸರಾಸರಿ ಹತ್ತು ಪಟ್ಟಿಗೂ ಹೆಚ್ಚು ಎಂದು ಜೀನೋಮ್ ಅಧ್ಯಯನ ಹೇಳಿದೆ. ನನ್ನ ವೈನಿಯಂಥವರ ಲೆಕ್ಕ ಇಲ್ಲೇ ತಪ್ಪುತ್ತದೆ. ಬೀಡಿ ಸಿಗರೇಟು ಮುಟ್ಟದವರಲ್ಲಿ ಇಜಿಎಫ್‌ಆರ್ ಎಂಬ ಜೀನಿನ ಬದಲಾವಣೆಯಿಂದ ಬಂದ ಗಡ್ಡೆಗಳು ನಮ್ಮ ದೇಶದಲ್ಲಿ, ವಿಶೇಷವಾಗಿ ಹೆಂಗಸರಲ್ಲಿ, ಗಣನೀಯವಾಗಿವೆ. ಅವಕ್ಕೆ ಗುಳಿಗೆಗಳುಂಟು, ಆದರೆ ಬ್ರೇಕು ಬಿಡಿಸುವ ಔಷಧಗಳು ಅವುಗಳ ಮೇಲೆ ಸಾಮಾನ್ಯವಾಗಿ ಸೋಲುತ್ತವೆ. ಕಟ್ಟಿಗೆ ಒಲೆಯ ಹೊಗೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಕ್ಯಾನ್ಸರಿಗೆ “ಬಹುಶಃ ಕಾರಣ” ಎಂಬ ಪಟ್ಟಿಯಲ್ಲಿ ಇಟ್ಟಿದೆ. ಹತ್ತಿಕಟ್ಟಿಗೆಯ ಹೊಗೆ ಕುಡಿದ ಶ್ವಾಸಕೋಶದಲ್ಲಿ ಹುಟ್ಟಿದ ಗಡ್ಡೆ ತನ್ನ ತಟ್ಟೆಯಲ್ಲಿ ಏನನ್ನು ತೋರಿಸುತ್ತದೆ ಎಂಬುದನ್ನು ಲಂಡನ್ನಿನ ಬ್ಲಾಕಿನಲ್ಲಿ ಹುಡುಕಲು ಬರುವುದಿಲ್ಲ. ಅದು ನವಲಗುಂದದ, ರೋಣದ, ಶಿಗ್ಗಾಂವಿಯ ಬ್ಲಾಕಿನಲ್ಲೇ ಸಿಗಬೇಕು.

ಎರಡನೆಯದು, ವೃಷಣದಲ್ಲಿ ಬಿಟ್ಟರೆ ಆರೋಗ್ಯವಂತ ಅಂಗಗಳಲ್ಲಿ ಬಹುಮಟ್ಟಿಗೆ ಮಲಗಿಯೇ ಇರುವ, ಗಡ್ಡೆಯಲ್ಲಿ ಎಚ್ಚರಾಗುವ ಪ್ರೋಟೀನುಗಳು. ಬ್ರಸೆಲ್ಸ್‌ನಲ್ಲಿ ಥಿಯರಿ ಬೂನ್ ಅವರ ತಂಡ 1991ರಲ್ಲಿ ಮೆಲನೋಮದಲ್ಲಿ (ಮೈಬಣ್ಣದ ಕೋಶಗಳಿಂದ ಹುಟ್ಟುವ ಕ್ಯಾನ್ಸರಿನಲ್ಲಿ) ಕಂಡುಹಿಡಿದ ಮೇಜ್ (MAGE) ಎಂಬ ಪ್ರೋಟೀನುಗಳ ಕುಟುಂಬ ಇಂಥದ್ದು. ಈ ಕುಟುಂಬದ ಮೇಜ್-ಎ3 ಶ್ವಾಸಕೋಶದ ಅನೇಕ ಗಡ್ಡೆಗಳಲ್ಲೂ ಕಾಣುತ್ತದೆಂದು ಅದಕ್ಕೆ ಲಸಿಕೆ ಮಾಡಿ, ಶಸ್ತ್ರಚಿಕಿತ್ಸೆಯಾದ 2,272 ರೋಗಿಗಳ ಮೇಲೆ ಪರೀಕ್ಷಿಸಿದರು. ರೋಗ ಮರುಕಳಿಸುವುದನ್ನು ಅದು ತಡೆಯಲಿಲ್ಲ. ಅದೇ ಮೇಜ್-ಎ3ನ್ನು ಹಿಡಿಯುವಂತೆ ತಿದ್ದಿದ ಟಿ ಕೋಶಗಳನ್ನು ಬೇರೆ ಕ್ಯಾನ್ಸರಿನ ಇಬ್ಬರು ರೋಗಿಗಳಿಗೆ ಕೊಟ್ಟಾಗ, ಅವು ಹೃದಯದ ಸ್ನಾಯುವಿನಲ್ಲಿರುವ ಟೈಟಿನ್ ಎಂಬ ಪ್ರೋಟೀನಿನ ಚೂರನ್ನೇ ಗುರಿಯೆಂದು ತಪ್ಪಾಗಿ ಭಾವಿಸಿ ದಾಳಿ ಮಾಡಿದವು, ಇಬ್ಬರೂ ತೀರಿಕೊಂಡರು. 2013ರಲ್ಲಿ ಪ್ರಕಟವಾದ ಈ ವರದಿಯನ್ನು ನಾನು ಬೇಕೆಂದೇ ನೆನಪಿಸುತ್ತಿದ್ದೇನೆ. ಆಂಟಿಜೆನ್ ಹುಡುಕುವುದೆಂದರೆ ಪಟ್ಟಿ ಮಾಡುವ ಕೆಲಸವೆಂದು ಯಾರೂ ತಿಳಿಯಬಾರದು. ಗಡ್ಡೆಯಲ್ಲಿ ಇದೆಯೇ ಎಂದು ನೋಡಿದಷ್ಟೇ ಶ್ರದ್ಧೆಯಿಂದ ಹೃದಯದಲ್ಲಿ, ಮಿದುಳಿನಲ್ಲಿ, ಕರುಳಿನಲ್ಲಿ ಅದನ್ನು ಹೋಲುವುದು ಇಲ್ಲವೇ ಎಂದೂ ನೋಡಬೇಕಾಗುತ್ತದೆ.

ಮೂರನೆಯ ಬಗೆಗೆ ತಟ್ಟೆಯ ಹಂಗೇ ಇಲ್ಲ. ಗಡ್ಡೆಯ ಹೊರಮೈಯಲ್ಲಿ ಇಡಿಯಾಗಿ ಕುಳಿತ ಪ್ರೋಟೀನು ಅದು. ಶ್ವಾಸಕೋಶದ ಸಣ್ಣಕೋಶ ಕ್ಯಾನ್ಸರಿನಲ್ಲಿ ಕಾಣುವ ಡಿಎಲ್‌ಎಲ್3 ಅನ್ನು ಒಂದು ಕೈಯಲ್ಲೂ ಟಿ ಕೋಶವನ್ನು ಇನ್ನೊಂದು ಕೈಯಲ್ಲೂ ಹಿಡಿದು ಎರಡನ್ನೂ ಮುಖಾಮುಖಿ ಮಾಡುವ ಟಾರ್ಲಟಮಾಬ್ ಔಷಧಕ್ಕೆ 2024ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆ ಕ್ಯಾನ್ಸರಿಗೆ ದಶಕಗಳ ಕಾಲ ಹೊಸದೇನೂ ಇಲ್ಲದೆ ಕಳೆದದ್ದನ್ನು ಕಂಡವರಿಗೆ ಇದರ ಬೆಲೆ ಗೊತ್ತು.

ಈಗ ನನ್ನ ಅಹವಾಲಿನ ತಿರುಳಿಗೆ ಬರುತ್ತೇನೆ. ತಟ್ಟೆ ಎಲ್ಲರ ಮನೆಯಲ್ಲಿ ಒಂದೇ ಬಗೆಯದಲ್ಲ. ತಂದೆಯಿಂದ ಮೂರು, ತಾಯಿಯಿಂದ ಮೂರು, ಹೀಗೆ ಮುಖ್ಯವಾಗಿ ಆರು ಬಗೆಯ ಒಂದನೇ ದರ್ಜೆಯ ಎಚ್‌ಎಲ್‌ಎ ಒಬ್ಬೊಬ್ಬರಲ್ಲಿ ಇರಬಹುದು; ಜಗತ್ತಿನಲ್ಲಿ ಇವುಗಳ ಪ್ರಭೇದಗಳು ಸಾವಿರಾರು. ಒಂದೊಂದು ತಟ್ಟೆ ಒಂದೊಂದು ಆಕಾರದ ಚೂರನ್ನೇ ಹಿಡಿಯುತ್ತದೆ. ಯುರೋಪಿನ ಜನರಲ್ಲಿ ಎ02:01 ಎಂಬ ಬಗೆ ಬಹಳ ಸಾಮಾನ್ಯವಾದ್ದರಿಂದ ಆಂಟಿಜೆನ್ ಸಂಶೋಧನೆಯ ಬಹುಪಾಲು ಅದರ ಸುತ್ತಲೇ ಬೆಳೆದಿದೆ. ಕಣ್ಣಿನ ಒಂದು ಬಗೆಯ ಮೆಲನೋಮಕ್ಕೆ 2022ರಲ್ಲಿ ಒಪ್ಪಿಗೆ ಪಡೆದ ಟೆಬೆಂಟಾಫಸ್ಪ್ ಎಂಬ ಔಷಧವನ್ನು ಆ ಒಂದು ತಟ್ಟೆ ಇದ್ದವರಿಗೆ ಮಾತ್ರ ಕೊಡಬಹುದು. ನಮ್ಮವರಲ್ಲಿ ಎ02 ಗುಂಪಿನೊಳಗೇ 02:11, 02:06ರಂಥ ಬೇರೆ ಬಗೆಗಳು ಸೇರಿಕೊಂಡಿವೆ. ಎ11:01, ಎ24:02, ಎ33:03 ಸಾಮಾನ್ಯ. ಪೆಪ್ಟೈಡು ಯಾವ ತಟ್ಟೆಯಲ್ಲಿ ಕೂರುತ್ತದೆಂದು ಊಹಿಸುವ ಕಂಪ್ಯೂಟರ್ ಕಾರ್ಯಕ್ರಮಗಳು ಚೆನ್ನಾಗಿ ಕಲಿತಿರುವುದು ಹೆಚ್ಚು ದತ್ತಾಂಶ ಇರುವ ತಟ್ಟೆಗಳನ್ನು. ಅಲ್ಲಿಯವರಿಗಾಗಿ ಹೊಲಿದ ಅಂಗಿ ನಮಗೆ ಸರಿಹೊಂದಲಿಲ್ಲವೆಂದರೆ ತಪ್ಪು ದರ್ಜಿಯದಲ್ಲ, ಅಳತೆ ಕೊಡದ ನಮ್ಮದು.

ಗಡ್ಡೆಯೂ ಸುಮ್ಮನೆ ಕುಳಿತಿರುವುದಿಲ್ಲ. ಬ್ರಿಟನ್ನಿನಲ್ಲಿ ಚಾರ್ಲ್ಸ್ ಸ್ವಾಂಟನ್ ಅವರ ನೇತೃತ್ವದಲ್ಲಿ ನಡೆದಿರುವ ಟ್ರೇಸರ್ಎಕ್ಸ್ ಅಧ್ಯಯನವು ಒಂದೇ ಶ್ವಾಸಕೋಶದ ಗಡ್ಡೆಯ ಬೇರೆ ಬೇರೆ ಮೂಲೆಗಳಿಂದ ತುಣುಕು ತೆಗೆದು ನೋಡಿ, ಕೆಲವು ಬದಲಾವಣೆಗಳು ಎಲ್ಲ ಮೂಲೆಯಲ್ಲೂ, ಕೆಲವು ಒಂದು ಮೂಲೆಯಲ್ಲಿ ಮಾತ್ರ ಇರುತ್ತವೆಂದು ತೋರಿಸಿತು. ಎಲ್ಲೆಡೆ ಇರುವುದನ್ನು ಗುರಿ ಮಾಡಿದರೆ ಫಲ ಹೆಚ್ಚು. ಅದೇ ತಂಡ 2017ರಲ್ಲಿ ಹೇಳಿದ ಇನ್ನೊಂದು ಮಾತು ನನ್ನನ್ನು ಬಹಳ ಕಾಡಿತು. ಸಣ್ಣಕೋಶೇತರ ಎಂಬ, ಶ್ವಾಸಕೋಶದಲ್ಲಿ ಹೆಚ್ಚು ಸಾಮಾನ್ಯವಾದ ಕ್ಯಾನ್ಸರಿನ ಸುಮಾರು ಶೇಕಡ 40 ಗಡ್ಡೆಗಳು ತಂದೆ ಅಥವಾ ತಾಯಿಯಿಂದ ಬಂದ ಎಚ್‌ಎಲ್‌ಎಯ ಒಂದು ಪ್ರತಿಯನ್ನೇ ಕಳೆದುಕೊಂಡಿರುತ್ತವಂತೆ. ಸ್ಯಾಂಪಲ್ ತೋರಿಸಬಾರದೆಂದು ತಟ್ಟೆಯನ್ನೇ ಮುರಿದು ಎಸೆಯುವ ಜಾಣತನ ಅದು. ಇದನ್ನು ತಿಳಿಯಲು ಗಡ್ಡೆಯ ಡಿಎನ್‌ಎ ಜೊತೆಗೆ ಅದೇ ರೋಗಿಯ ರಕ್ತದ ಡಿಎನ್‌ಎಯೂ ಬೇಕು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡದೆ ಯಾವುದು ಹುಟ್ಟಿನಿಂದ ಬಂದದ್ದು, ಯಾವುದು ಗಡ್ಡೆ ಮಾಡಿಕೊಂಡದ್ದು ಎಂದು ಹೇಳಲಾಗದು. ನನ್ನ ಮೂವತ್ತೊಂದು ವರ್ಷಗಳಲ್ಲಿ ಬಯಾಪ್ಸಿಯ ಜೊತೆಗೆ ಎರಡು ಎಂಎಲ್ ರಕ್ತವನ್ನು ತೆಗೆದಿಡಿ ಎಂದು ಯಾರೂ ನಮಗೆ ಹೇಳಿರಲಿಲ್ಲ.

ರಕ್ತ ಹಾಗಿರಲಿ, ಎದೆಯ ನೀರಿನ ಕಥೆ ಇನ್ನೂ ಕೆಟ್ಟದ್ದು. ಶ್ವಾಸಕೋಶ ಕ್ಯಾನ್ಸರಿನ ಎಷ್ಟೋ ರೋಗಿಗಳ ಎದೆಗೂಡಿನಲ್ಲಿ ನೀರು ತುಂಬಿಕೊಳ್ಳುತ್ತದೆ. ಉಸಿರಾಟ ಹಗುರವಾಗಲೆಂದು ಒಂದು ಲೀಟರು, ಒಂದೂವರೆ ಲೀಟರು ತೆಗೆಯುತ್ತಾರೆ. ಅದರಲ್ಲಿ ಕ್ಯಾನ್ಸರ್ ಕೋಶಗಳೂ ಇರುತ್ತವೆ, ಅವುಗಳೊಡನೆ ಸೆಣಸಲು ಬಂದ ಟಿ ಕೋಶಗಳೂ ಇರುತ್ತವೆ. ಸೂಜಿಯ ಎಳೆಯಿಂದ ಸಿಗದಷ್ಟು ಸಾಮಗ್ರಿ ಅಲ್ಲಿದೆ. ಲ್ಯಾಬಿಗೆ ಹತ್ತಿಪ್ಪತ್ತು ಎಂಎಲ್ ಬರುತ್ತದೆ, ಉಳಿದದ್ದು ಮೋರಿಗೆ. ಅದನ್ನು ತಿರುಗುಯಂತ್ರದಲ್ಲಿ ಇಳಿಸಿ ಮೇಣದ ಬ್ಲಾಕು ಮಾಡಿದರೆ ಇಜಿಎಫ್‌ಆರ್ ಪರೀಕ್ಷೆಯನ್ನಾದರೂ ಮಾಡಬಹುದಿತ್ತಲ್ಲವೇ ಎಂದು ಈಗ ಯೋಚಿಸಿದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಸುಮ್ಮನೆ ಹೇಳುವ ಮಾತಲ್ಲ. ವೈನಿಯ ಎದೆಯಿಂದಲೂ ಎರಡು ಸಲ ನೀರು ತೆಗೆದಿದ್ದರು.

ತಾವು ಕೇಳಬಹುದು: ಹಾಸಿಗೆಗೆ, ನರ್ಸುಗಳಿಗೆ, ರೇಡಿಯೋಥೆರಪಿ ಯಂತ್ರಕ್ಕೆ ಹಣ ಸಾಲದಿರುವಾಗ ಹುಬ್ಬಳ್ಳಿಯಲ್ಲಿ ಆಂಟಿಜೆನ್ ಹುಡುಕಾಟವೆಂದರೆ ಊಟಕ್ಕಿಲ್ಲದವನಿಗೆ ಉಪ್ಪಿನಕಾಯಿ ಚಿಂತೆ ಆಗುವುದಿಲ್ಲವೇ ಎಂದು. ಪ್ರಶ್ನೆ ನ್ಯಾಯವಾದದ್ದು. ನನ್ನ ಉತ್ತರ ಇಷ್ಟೇ: ಹುಡುಕಾಟಕ್ಕೆ ಬೇಕಾದ ಮೊದಲ ಮೆಟ್ಟಿಲು ಮತ್ತು ಇಂದಿನ ರೋಗಿಯ ಸಾಮಾನ್ಯ ಚಿಕಿತ್ಸೆಗೆ ಬೇಕಾದ ಮೆಟ್ಟಿಲು ಎರಡೂ ಒಂದೇ. ಸರಿಯಾದ ಫಾರ್ಮಾಲಿನ್, ಸರಿಯಾದ ಹೊತ್ತು, ಬ್ಲಾಕಿನ ಜೋಪಾನ. ಇವಿಲ್ಲದೆ ಇಜಿಎಫ್‌ಆರ್ ಗುಳಿಗೆ ಯಾರಿಗೆ ಕೊಡಬೇಕೆಂಬುದೂ ಗೊತ್ತಾಗುವುದಿಲ್ಲ. ಮೇಲಾಗಿ ನಮ್ಮ ದೇಶದಲ್ಲೇ ನಡೆದ ಸಂಶೋಧನೆ ನಮ್ಮ ಬಡವರ ಕೈಗೆ ಎಟುಕುವ ದಾರಿಯನ್ನು ತೋರಿಸಿದ್ದುಂಟು. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು ತಲೆ-ಕುತ್ತಿಗೆಯ ಕ್ಯಾನ್ಸರಿನಲ್ಲಿ ನಿವೊಲುಮಾಬನ್ನು ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಮಿನಷ್ಟು ಕಡಿಮೆ ಪ್ರಮಾಣದಲ್ಲಿ, ಬಾಯಿಯ ಮೂಲಕ ಕೊಡುವ ಔಷಧಗಳ ಜೊತೆ ಕೊಟ್ಟು ನೋಡಿದರು. ಒಂದು ವರ್ಷದ ಹೊತ್ತಿಗೆ ಬದುಕಿದ್ದವರ ಪ್ರಮಾಣ ಶೇಕಡ 16.3ರಿಂದ 43.4ಕ್ಕೆ ಏರಿತು ಎಂದು 2022ರಲ್ಲಿ ಪ್ರಕಟಿಸಿದರು. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ಬೆಳೆಸಿದ ರಕ್ತದ ಕ್ಯಾನ್ಸರಿನ ಕಾರ್-ಟಿ (ರೋಗಿಯದೇ ಟಿ ಕೋಶಗಳನ್ನು ತಿದ್ದಿ ಮರಳಿ ಕೊಡುವ) ಚಿಕಿತ್ಸೆ ನೆಕ್ಸ್‌ಕಾರ್19ಕ್ಕೆ 2023ರ ಅಕ್ಟೋಬರಿನಲ್ಲಿ ಒಪ್ಪಿಗೆ ದೊರೆಯಿತು. ಎರಡೂ ಶ್ವಾಸಕೋಶಕ್ಕೆ ಸಂಬಂಧಿಸಿದವಲ್ಲ. ಆದರೆ ಇಲ್ಲಿ ಮಾಡಿದರೆ ಆಗುತ್ತದೆ ಎಂಬುದಕ್ಕೆ ಸಾಕ್ಷಿ.

ಹಣದ ಮಾತಿಗೆ ಇನ್ನೊಂದು ಸಂಗತಿ. ಅಂಗಾಂಶವನ್ನು ತಾಜಾ ಸ್ಥಿತಿಯಲ್ಲಿ ಹೆಪ್ಪುಗಟ್ಟಿಸಿಡಲು ಮೈನಸ್ 196 ಡಿಗ್ರಿಯ ದ್ರವ ಸಾರಜನಕ ಬೇಕು ಎಂದರೆ ಅಧಿಕಾರಿಗಳು ಹುಬ್ಬೇರಿಸುತ್ತಾರೆ. ನಮ್ಮ ಹಳ್ಳಿಗಳ ಪಶು ಆಸ್ಪತ್ರೆಗಳಲ್ಲಿ ಆಕಳು ಎಮ್ಮೆಗಳ ಕೃತಕ ಗರ್ಭಧಾರಣೆಗೆಂದು ಅದೇ ದ್ರವ ಸಾರಜನಕದ ಜಾಡಿಗಳು ಎಷ್ಟೋ ವರ್ಷಗಳಿಂದ ಇವೆ. ಅದು ಹೊತ್ತಿಗೆ ಸರಿಯಾಗಿ ತುಂಬಿಸಲ್ಪಡುತ್ತದೆ ಕೂಡ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಬಣ್ಣ ಕೆಡಬಾರದೆಂದು ಸಾಲು ಸಾಲು ಶೀತಲಗೃಹಗಳಿವೆ. ಹೋರಿಯ ವೀರ್ಯವನ್ನೂ ಮೆಣಸಿನಕಾಯಿಯನ್ನೂ ಇಷ್ಟು ಅಕ್ಕರೆಯಿಂದ ಕಾಪಾಡಬಲ್ಲ ಜಿಲ್ಲೆಗಳಿಗೆ ಮನುಷ್ಯರ ಶ್ವಾಸಕೋಶದ ತುಣುಕನ್ನು ಕಾಪಾಡುವುದು ಮೀರಿದ ಕೆಲಸವೆಂದು ನಾನು ಒಪ್ಪುವುದಿಲ್ಲ.

ಆದ್ದರಿಂದ ನನ್ನ ಮೊದಲ ಬಿನ್ನಹ, ಖರ್ಚು ಬಹಳ ಇಲ್ಲದ್ದು. ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ಗದಗ ಮತ್ತು ಹಾವೇರಿಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗಳು ಮತ್ತು ಮೂರೂ ಜಿಲ್ಲೆಗಳ ಸರ್ಕಾರಿ ಆಸ್ಪತ್ರೆಗಳಲ್ಲಿ, ಬಯಾಪ್ಸಿಗೆ ಶೇಕಡ 10ರ ಬಫರ್ ಮಾಡಿದ ಫಾರ್ಮಾಲಿನ್ ತುಂಬಿದ ಬಾಟಲಿಯನ್ನೇ ಬಳಸಬೇಕು, ತುಣುಕು ಬಾಟಲಿಗೆ ಬಿದ್ದ ದಿನ ಮತ್ತು ಗಂಟೆಯನ್ನು ಚೀಟಿಯ ಮೇಲೆ ಬರೆಯಬೇಕು, ಆರು ಗಂಟೆಗಿಂತ ಕಡಿಮೆಯೂ ಎಪ್ಪತ್ತೆರಡು ಗಂಟೆಗಿಂತ ಹೆಚ್ಚೂ ಅದರಲ್ಲಿ ಇಡಬಾರದು ಎಂದು ಒಂದು ಸುತ್ತೋಲೆ ಹೊರಡಿಸಬೇಕು. ಬಾಟಲಿಯನ್ನು ರೋಗಿಯ ಸಂಬಂಧಿಕರ ಕೈಗೆ ಕೊಟ್ಟು ಕಳಿಸುವ ಪದ್ಧತಿ ನಿಲ್ಲಬೇಕು. ಶ್ವಾಸಕೋಶದ ಸಣ್ಣ ತುಣುಕು ಬಂದಾಗ ಮುಂದಿನ ಪರೀಕ್ಷೆಗಳಿಗೆ ಬೇಕಾಗುವ ಪದರಗಳನ್ನೂ ಮೊದಲ ಸಲವೇ ಸೀಳಿ, ಬಣ್ಣವಿಲ್ಲದ ಗಾಜುಗಳಾಗಿ ಎತ್ತಿಡುವುದನ್ನು ಪ್ರತಿ ತಂತ್ರಜ್ಞರಿಗೂ ಕಲಿಸಬೇಕು. ಎದೆಯ ನೀರಿನಿಂದ ಬ್ಲಾಕು ಮಾಡುವುದು ರೂಢಿಯಾಗಬೇಕು. ಬ್ಲಾಕು ಯಾರ ವಶದಲ್ಲಿದೆ, ಎಷ್ಟು ವರ್ಷ ಇರುತ್ತದೆ, ರೋಗಿ ಕೇಳಿದರೆ ಎಷ್ಟು ದಿನದಲ್ಲಿ ಕೊಡಬೇಕು ಎಂಬುದು ವರದಿಯ ಕೊನೆಯಲ್ಲೇ ಅಚ್ಚಾಗಿರಬೇಕು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಗೆ ಅವಕಾಶವಿದೆ. ನಮ್ಮ ಕುಟುಂಬ ಆ ಮೂರು ಪರೀಕ್ಷೆಗಳಿಗೆ ಎಮ್ಮೆ ಮಾರಿ ಹಣ ಕಟ್ಟಿತು. ಚಿಕಿತ್ಸೆ ಯಾವುದೆಂದು ತೀರ್ಮಾನಿಸುವ ಪರೀಕ್ಷೆಗೆ ರೋಗಿಯ ಕಿಸೆಯಿಂದ ಒಂದು ರೂಪಾಯಿಯೂ ಹೋಗದಂತೆ ನೋಡಿಕೊಳ್ಳಬೇಕು.

ಎರಡನೆಯ ಬಿನ್ನಹ ಸ್ವಲ್ಪ ದೊಡ್ಡದು. ಹುಬ್ಬಳ್ಳಿಯಲ್ಲಿ ಒಂದು ಅಂಗಾಂಶ ಭಂಡಾರ ಸ್ಥಾಪಿಸಬೇಕು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಶ್ವಾಸಕೋಶದ ಭಾಗದಿಂದ, ವರದಿಗೆ ಬೇಕಾದದ್ದನ್ನು ಕೊಟ್ಟು ಉಳಿದದ್ದನ್ನು, ಪಕ್ಕದ ಆರೋಗ್ಯವಂತ ತುಣುಕಿನ ಜೊತೆ, ರಕ್ತದ ಜೊತೆ, ರೋಗಿ ಬೀಡಿ ಸೇದಿದವರೋ ಒಲೆಯ ಮುಂದೆ ಕುಳಿತವರೋ ಎಂಬ ವಿವರದ ಜೊತೆ ಹೆಪ್ಪುಗಟ್ಟಿಸಿ ಇಡಬೇಕು. ಪ್ರತಿಯೊಬ್ಬರ ಎಚ್‌ಎಲ್‌ಎ ಬಗೆಯನ್ನು ಗುರುತಿಸಿ ದಾಖಲಿಸಬೇಕು. ಡಿಎನ್‌ಎ ಓದಿ ಬದಲಾವಣೆಗಳನ್ನು ಪತ್ತೆ ಮಾಡುವುದು, ಅವುಗಳಲ್ಲಿ ಯಾವುದರ ಆರ್‌ಎನ್‌ಎ ನಿಜವಾಗಿ ತಯಾರಾಗುತ್ತಿದೆ ಎಂದು ನೋಡುವುದು, ಯಾವ ಚೂರು ನಮ್ಮವರ ತಟ್ಟೆಯಲ್ಲಿ ಕೂತೀತೆಂದು ಲೆಕ್ಕ ಹಾಕುವುದು, ಇದರಲ್ಲಿ ಬಹುಪಾಲು ಗಣಕದ ಕೆಲಸ. ಅದಕ್ಕೆ ಧಾರವಾಡದಲ್ಲೇ ಐಐಟಿಯೂ ಇದೆ, ಐಐಐಟಿಯೂ ಇದೆ, ಕರ್ನಾಟಕ ವಿಶ್ವವಿದ್ಯಾಲಯದ ಜೀವರಸಾಯನ ವಿಭಾಗವೂ ಇದೆ. ಲೆಕ್ಕದಲ್ಲಿ ಗೆದ್ದ ಚೂರುಗಳಲ್ಲಿ ಬಹಳಷ್ಟು ನಿಜವಾದ ಕೋಶದ ಮೇಲೆ ಕಾಣುವುದೇ ಇಲ್ಲ. ಆದ್ದರಿಂದ ತಟ್ಟೆಗಳನ್ನೇ ಗಡ್ಡೆಯಿಂದ ಬೇರ್ಪಡಿಸಿ, ಅಣುಗಳ ತೂಕ ಹಿಡಿದು ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರದಲ್ಲಿ ಓದಿ ಖಚಿತಪಡಿಸಬೇಕಾಗುತ್ತದೆ. ಆ ಯಂತ್ರವನ್ನು ಇಲ್ಲಿ ತರಬೇಕೆಂದು ನಾನು ಕೇಳುವುದಿಲ್ಲ. ಬೆಂಗಳೂರಿನ ಸಂಸ್ಥೆಗಳಲ್ಲಿ ಅದು ಇದೆ. ಅವರಿಗೆ ಇಲ್ಲದಿರುವುದು ಚೆನ್ನಾಗಿ ಕಾಪಾಡಿದ ನಮ್ಮ ಅಂಗಾಂಶ. ಹತ್ತು ಸಾವಿರ ಭಾರತೀಯರ ಜೀನೋಮನ್ನು ಓದಿದ ಜೀನೋಮ್ ಇಂಡಿಯಾ ಯೋಜನೆಯನ್ನು ಸಂಯೋಜಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಿಂದಲೇ. ಆದರೆ ಅದು ಆರೋಗ್ಯವಂತರದ್ದು. ಗಡ್ಡೆಯ ಪುಟಗಳನ್ನು ಯಾರಾದರೂ ಸೇರಿಸಬೇಕು.

ಭಂಡಾರವೆಂದ ಕೂಡಲೇ ವ್ಯಾಪಾರದ ಭಯವೂ ಹುಟ್ಟುತ್ತದೆ, ಹುಟ್ಟಲೇಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನೈತಿಕ ಮಾರ್ಗಸೂಚಿಗಳಲ್ಲಿ ಜೈವಿಕ ಮಾದರಿಗಳ ಸಂಗ್ರಹಕ್ಕೆಂದೇ ಒಂದು ಅಧ್ಯಾಯವಿದೆ. ಅದರಂತೆ ಒಪ್ಪಿಗೆ ಪತ್ರವು ಕನ್ನಡದಲ್ಲಿ, ಅದರಲ್ಲೂ ನಮ್ಮ ರೈತ ಹೆಂಗಸರಿಗೆ ಓದಿ ಹೇಳಿದರೆ ತಿಳಿಯುವ ಕನ್ನಡದಲ್ಲಿ ಇರಬೇಕು. ಬೇಡವೆಂದವರ ಚಿಕಿತ್ಸೆಗೆ ಕುಂದು ಬರಬಾರದು. ಕಂಪನಿಗಳಿಗೆ ಮಾದರಿ ಕೊಡುವುದಾದರೆ ಯಾವ ಷರತ್ತಿನ ಮೇಲೆ ಎಂಬುದು ಸಾರ್ವಜನಿಕವಾಗಿರಬೇಕು. ಹೆಬ್ಬೆಟ್ಟು ಒತ್ತಿಸಿಕೊಂಡು ಕಡತಕ್ಕೆ ಸೇರಿಸುವ ಒಪ್ಪಿಗೆ ಒಪ್ಪಿಗೆಯಲ್ಲ.

ನಾನು ಪವಾಡವನ್ನು ಕೇಳುತ್ತಿಲ್ಲ. ಎಲ್ಲ ಸರಿಯಾಗಿದ್ದರೂ ನನ್ನ ವೈನಿಗೆ ಇಮ್ಯುನೊಥೆರಪಿ ಉಪಯೋಗವಾಗುತ್ತಿತ್ತೆಂದು ನಾನು ನಂಬಿಲ್ಲ. ಮೇಲೆ ಬರೆದ ಕಾರಣಗಳಿಂದ ಬಹುಶಃ ಆಗುತ್ತಿರಲಿಲ್ಲ. ಒಂದು ಗುಳಿಗೆ ಸಿಕ್ಕಿ ಒಂದೆರಡು ವರ್ಷ ಮನೆಯಲ್ಲಿ ಓಡಾಡಿಕೊಂಡಿರುತ್ತಿದ್ದರೋ ಏನೋ. ಆದರೆ ಅವರಂಥವರ ಗಡ್ಡೆಗೆ ಯಾವ ಗುರುತು ಹಿಡಿಯಬೇಕು ಎಂಬ ಪ್ರಶ್ನೆಗೆ ಅವರ ತುಣುಕಿನಲ್ಲಿ ಒಂದು ಉತ್ತರವಿತ್ತು, ಅದು ಕೊರಿಯರ್ ಚೀಲದಲ್ಲಿ ಕಳೆದುಹೋಯಿತು.

ಸುತ್ತೋಲೆ ಹೊರಡಿಸಿದ ದಿನದಿಂದ ತಂತ್ರಜ್ಞರಿಗೆ ತರಬೇತಿ ಬೇಕಾಗುತ್ತದೆ. ಹುಬ್ಬಳ್ಳಿಯಲ್ಲಾಗಲಿ ಗದಗಿನಲ್ಲಾಗಲಿ ಹಾವೇರಿಯಲ್ಲಾಗಲಿ, ವಾರಕ್ಕೆ ಮೂರು ದಿನ, ಸಂಬಳವಿಲ್ಲದೆ, ಶ್ಯಾವಿಗೆಯ ಎಳೆಯನ್ನು ಒಂದು ಪದರವೂ ಹಾಳಾಗದಂತೆ ಸೀಳುವುದನ್ನು ಹುಡುಗ ಹುಡುಗಿಯರಿಗೆ ಕಲಿಸಲು ನಾನು ಸಿದ್ಧಳಿದ್ದೇನೆ. ನನ್ನ ಕಣ್ಣು ಇನ್ನೂ ಚೆನ್ನಾಗಿದೆ, ಕೈ ನಡುಗುವುದಿಲ್ಲ. ಬಸ್ಸಿನ ಖರ್ಚೂ ಬೇಡ. ಮೈಕ್ರೋಟೋಮಿಗೆ ಹರಿತವಾದ ಬ್ಲೇಡುಗಳನ್ನು ಮಾತ್ರ ಸಮಯಕ್ಕೆ ಸರಿಯಾಗಿ ಒದಗಿಸಬೇಕೆಂದು ಕೋರುತ್ತೇನೆ.

ಗೌರವಪೂರ್ವಕ ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ನಿವೃತ್ತ ಹಿಸ್ಟೊಪೆಥಾಲಜಿ ತಂತ್ರಜ್ಞೆ,
ಹುಬ್ಬಳ್ಳಿ